ಮಾಸ್ತರರ ಬಣ್ಣದ ಚೀಟಿ

ಒಮ್ಮೆಯೂ ಕುದುರೆ ಏರದವರು ಕುದುರೆಯ ಸಂತಾನದ ವಿಷಯ ಬರೆಯುವುದು ಅಧಿಕಪ್ರಸಂಗವೇ ಸರಿ. ಬಲ್ಲವರು ತಪ್ಪು ಕಂಡಲ್ಲಿ ಕ್ಷಮಿಸಬೇಕು. ಆದರೆ ದಾವಲಸಾಬರಿಗೆ ಆದದ್ದನ್ನು ಯಾರಾದರೂ ಹೇಳಲೇಬೇಕು. ಅವರಂತೂ ಬಾಯಿ ಬಿಡುವವರಲ್ಲ.

ವಿಜಯಪುರದಲ್ಲಿ ದಾವಲಸಾಬರಿಗೆ ಇದ್ದ ಆಸ್ತಿ ಒಂದೇ: ಮೋತಿ ಎಂಬ ಬಿಳಿ ಹೆಣ್ಣು ಕುದುರೆ. ಸುತ್ತಲಿನ ಓಣಿಗಳ ಮದುಮಕ್ಕಳೆಲ್ಲ ಅದರ ಬೆನ್ನೇರಿಯೇ ಮದುವೆಗೆ ಹೋದವರು. ಇಳಿದ ಮೇಲೆ ಅವರ ಗತಿ ಏನಾಯಿತೆಂಬುದಕ್ಕೆ ಮೋತಿ ಹೊಣೆಯಲ್ಲ. ಈಗ ಅದಕ್ಕೆ ಹದಿನಾರು ವರ್ಷ. ಬ್ಯಾಂಡು ಜೋರಾದರೆ ಮೊಣಕಾಲು ನಡುಗುತ್ತದೆ. ಇನ್ನು ಒಂದು ಸಲ ಮರಿ ಹಾಕೀತು, ಅಷ್ಟೇ ಎಂದು ದನದ ಡಾಕ್ಟರು ಹೇಳಿಬಿಟ್ಟಿದ್ದರು. ಆ ಮರಿ ಬಿಳಿಯಾದರೆ ದಾವಲಸಾಬರ ಕಸುಬು ಉಳಿಯಿತು, ಇಲ್ಲವಾದರೆ ಮುಗಿಯಿತು. ಕರಿ ಕುದುರೆ ತಂದವನನ್ನು ಬೀಗರು ಹಂದರದ ಬಾಗಿಲಿಂದಲೇ ತಿರುಗಿಸಿ ಕಳಿಸುತ್ತಾರೆ.

ಹೀಗಾಗಿ ಮೋತಿಗೆ ಯಾವ ಗಂಡು ಕುದುರೆ ಎಂಬ ಚಿಂತೆಯಲ್ಲಿ ದಾವಲಸಾಬರಿಗೆ ಊಟ ಸೇರುತ್ತಿರಲಿಲ್ಲ. ಇದನ್ನು ಕೇಳಿದ್ದೇ ಪಕ್ಕದ ಮನೆಯ ಚನಮಲ್ಲಪ್ಪ ಮಾಸ್ತರರು ಯಂತ್ರ ಕಟ್ಟಲು ಕೂತರು. ನಿವೃತ್ತರಾದಾಗಿನಿಂದ ಅವರು ಕಟ್ಟಿದ ಯಂತ್ರಗಳಲ್ಲಿ ಒಂದೂ ಹೇಳಿದ ಕೆಲಸ ಮಾಡಿರಲಿಲ್ಲ. ಮಾಡಿದ ಕೆಲಸವನ್ನು ಯಾರೂ ಹೇಳಿರಲಿಲ್ಲ. ಈ ಸಲ ಒಂದು ಕುಕ್ಕರು, ಹಳೆಯ ಟಿವಿಯ ಹೊಟ್ಟೆ ಮತ್ತು ಗುಜರಿಯಿಂದ ತಂದ ಬಸ್ ಟಿಕೆಟ್ ಮಷೀನು ಒಟ್ಟಿಗೆ ಸೇರಿದವು. ಮುಚ್ಚಳ ತೆಗೆದು ಒಂದು ಕೂದಲು ಹಾಕಿದರೆ, ಆ ಪ್ರಾಣಿಯ ಖರೆ ಬಣ್ಣ ಚೀಟಿಯಲ್ಲಿ ಅಚ್ಚಾಗಿ ಬರಬೇಕು.

ಪ್ರದರ್ಶನದ ದಿನ ಅಂಗಳ ತುಂಬ ಜನ. ಮಾಸ್ತರರು ಹೊಸ ಪಂಚೆ ಉಟ್ಟಿದ್ದರು. ಅವರ ಹೆಂಡತಿ ನಿಂಬೆವ್ವನ ಕಣ್ಣು ಮಾತ್ರ ಕುಕ್ಕರಿನ ಮೇಲೆ.

"ಅದರಾಗ ನಿನ್ನೀತನ ಬ್ಯಾಳಿ ಬೇಯತಿತ್ತು. ಈಗ ಕುದರಿ ಬಾಲ ಕುದಿಸಾಕ ಹತ್ಯಾರ" ಎಂದಳು ಆಕೆ.

ಮಾಸ್ತರರು ಮೋತಿಯ ಬಾಲದ ಕೂದಲು ಹಾಕಿ ಗುಂಡಿ ಒತ್ತಿದರು. ಕುಕ್ಕರು ಮೂರು ಸೀಟಿ ಹೊಡೆಯಿತು. ಟಿಕೆಟ್ ಮಷೀನು ಕರಕರ ಎಂದು ಚೀಟಿ ಉಗುಳಿತು. ಅದರಲ್ಲಿದ್ದದ್ದು ಒಂದೇ ಮಾತು: ಕಪ್ಪು.

"ಮಾಸ್ತರ, ಎದರಿಗೇ ನಿಂತದ ನೋಡ್ರಿ, ಹಾಲಿನಂಗ" ಎಂದರು ದಾವಲಸಾಬರು. ತಮ್ಮ ಮಗಳ ಮೇಲೆ ಯಾರೋ ಇಲ್ಲದ ಮಾತು ಹೊರಿಸಿದಂತೆ ಅವರ ದನಿ ಸಣ್ಣದಾಗಿತ್ತು.

ಯಂತ್ರ ಇನ್ನೂ ಕಾದಿಲ್ಲ ಎಂದು ಮಾಸ್ತರರು ಸಮಜಾಯಿಷಿ ಹೇಳಿದರು. ಆಮೇಲೆ ಬ್ಯಾಂಡಿನ ಪರಸಪ್ಪನ ಬಾದಶಾನ ಸರದಿ. ಅದು ಜಿಲ್ಲೆಗೆಲ್ಲ ಹೆಸರಾದ ಗಂಡು ಕುದುರೆ, ಸುಣ್ಣ ಹೊಡೆದ ಗೋಡೆಯಷ್ಟು ಬಿಳಿ. ಚೀಟಿ ಬಂತು: ಕೆಂಪು.

ಪರಸಪ್ಪ ಕೆಂಡವಾದ. ತನ್ನ ಕುದುರೆಯ ಮಾನ ಕಳೆಯಲು ಮಾಸ್ತರರು ಬೇಕೆಂತಲೇ ಕುಕ್ಕರು ಹೂಡಿದ್ದಾರೆ ಎಂದು ಕೂಗಾಡಿದ. ಮಾಸ್ತರರಿಗೂ ತಮ್ಮ ಮೇಲೆಯೇ ನಂಬಿಕೆ ಹೋಯಿತು. ಎರಡೂ ಚೀಟಿಗಳನ್ನು ಮಡಚಿ ಜೇಬಿಗಿಟ್ಟು, ತಂತಿ ಎಲ್ಲೋ ಅದಲುಬದಲಾಗಿದೆ, ಕಣ್ಣಿಗೆ ಕಂಡದ್ದನ್ನೇ ನಂಬಿರಿ ಎಂದುಬಿಟ್ಟರು. ದಾವಲಸಾಬರು ಹಾಗೆಯೇ ಮಾಡಿದರು. ಆ ವಾರವೇ ಮೋತಿಯನ್ನೂ ಬಾದಶಾನನ್ನೂ ಕೂಡಿಸಿದ್ದಾಯಿತು. ಮೋತಿ ಗಬ್ಬವಾಯಿತು.

ಕತೆ ಅಲ್ಲಿಗೇ ನಿಲ್ಲಬಹುದಿತ್ತು, ಪರಸಪ್ಪನಿಗೆ ಸೇಡಿನ ಹುಕಿ ಬಾರದಿದ್ದರೆ. ತನ್ನ ಸೋದರಳಿಯನ ನಿಶ್ಚಯದ ದಿನ ಬೀಗರ ಎದುರಿಗೆ ನಗಿಸಲೆಂದು ಯಂತ್ರ ತರಿಸಿದ. ಮದುಮಗನ ಕಾಡಿಗೆಯಂಥ ಕೂದಲು ಕಿತ್ತು ತಾನೇ ಒಳಗೆ ಹಾಕಿದ. ಅವನ ಕೂದಲು ಕೆಂಪೋ ಹಸಿರೋ ಎಂದು ಬಂದರೆ ಮಾಸ್ತರರ ವಿದ್ಯೆ ಬಯಲಾಗುತ್ತದೆಂಬುದು ಪರಸಪ್ಪನ ಲೆಕ್ಕ.

ಚೀಟಿ ಬಂತು: ಬಿಳಿ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗದೇ ಇದ್ದವರು ಇಬ್ಬರು, ಮದುಮಗ ಮತ್ತು ಹುಡುಗಿಯ ಕಾಕಾ. ಕಾಕಾ ಎದ್ದು ಟವೆಲ್ ಒದ್ದೆ ಮಾಡಿ ತಂದು ಮದುಮಗನ ನೆತ್ತಿ ಉಜ್ಜಿದರು. ಟವೆಲ್ ಕಪ್ಪಾಯಿತು, ನೆತ್ತಿ ನರೆಯಾಯಿತು.

"ಇಪ್ಪತ್ತೆಂಟ ಅಂದಿದ್ರಿ?" ಎಂದರು ಕಾಕಾ.

"ಅದು ಮೊದಲ ಕನ್ಯಾ ನೋಡಾಕ ಹೋದಾಗ ಬರಸಿದ್ದರೀ" ಎಂದ ಮದುಮಗ.

ಮದುವೆಯೇನೂ ನಿಲ್ಲಲಿಲ್ಲ. ಯಂತ್ರ ಇನ್ನೂ ಬಿಸಿ ಇದೆ, ಹುಡುಗಿಯ ಕಡೆಯಿಂದಲೂ ನಾಲ್ಕು ಕೂದಲು ಹಾಕೋಣ ಎಂದು ಯಾರೋ ಅನ್ನುತ್ತಲೇ ಎರಡೂ ಕಡೆಯವರು ರಾಜಿಯಾದರು.

ಆದರೆ ಅಲ್ಲೇ ಕೂತು ಇದನ್ನೆಲ್ಲ ನೋಡಿದ ದಾವಲಸಾಬರಿಗೆ ಹಿಂದಿನ ಎರಡು ಚೀಟಿಗಳೂ ಖರೆ ಇರಬಹುದೆಂಬ ಅನುಮಾನ ಹತ್ತಿತು. ಅವರು ನೆಟ್ಟಗೆ ಪರಸಪ್ಪನ ಕೊಟ್ಟಿಗೆಗೆ ಹೋಗಿ ಬಾದಶಾನ ಕೂದಲನ್ನು ಬೆರಳಿಂದ ಬಿಡಿಸಿ ನೋಡಿದರು. ತುದಿ ಬಿಳಿ, ಬುಡ ಇಟ್ಟಂಗಿಯ ಕೆಂಪು. ತಿಂಗಳಿಗೊಮ್ಮೆ ಕಟಿಂಗ್ ಅಂಗಡಿಯವನು ಬಂದು ಬ್ಲೀಚ್ ಹಚ್ಚಿ ಹೋಗುತ್ತಿದ್ದನಂತೆ. ಮನೆಗೆ ಬಂದವರೇ ಮೋತಿಯನ್ನು ಮೂರು ಸಲ ಸೀಗೇಪುಡಿ ಹಾಕಿ ತಿಕ್ಕಿದರು. ಮೋತಿ ಇನ್ನಷ್ಟು ಬೆಳ್ಳಗಾಯಿತೇ ಹೊರತು ಬುಡದಲ್ಲಿ ಎಲ್ಲೂ ಕಪ್ಪು ಕಾಣಲಿಲ್ಲ.

ಮಾಸ್ತರರು ಎರಡು ದಿನ ಪುಸ್ತಕ ತಿರುವಿ ತಲೆ ತಗ್ಗಿಸಿಕೊಂಡು ಬಂದರು. ಇಂಥ ಕುದುರೆಗಳು ಹುಟ್ಟುವಾಗ ಕಪ್ಪಗೇ ಇರುತ್ತವೆ, ಬೆಳ್ಳಗಾಗುವ ಗುಣ ರಕ್ತದಲ್ಲಿದ್ದರೆ ಆರೇಳು ವರ್ಷಗಳಲ್ಲಿ ಬೆಳ್ಳಗಾಗುತ್ತವೆ ಎಂದರು. ಮದುಮಗನ ನರೆ ಮುಪ್ಪಿನದು, ಅದರಡಿ ಬೇರೆ ಬಣ್ಣ ಉಳಿದಿರುವುದಿಲ್ಲ, ಇಂಥ ಕುದುರೆಯ ಬಿಳುಪಿನಡಿ ಮಾತ್ರ ಹುಟ್ಟಿನ ಬಣ್ಣ ಹಾಗೇ ಇರುತ್ತದೆ ಎಂದೂ ಹೇಳಿದರು. ದಾವಲಸಾಬರು ಮೋತಿಯನ್ನು ಕೊಂಡದ್ದು ಅದರ ಎಂಟನೇ ವರ್ಷದಲ್ಲಿ.

"ಹಂಗಾದ್ರ ನನ್ನ ಮರಿ?"

"ಕಪ್ಪನೋ ಕೆಂಪನೋ ಹುಟ್ಟತದ. ತಾಯಿ ಗುಣ ಬಂದ್ರ ಬಿಳಿ ಆಗತದ, ಬರಲಿಲ್ಲಂದ್ರ ಇಲ್ಲ. ಅರ್ಧಕ್ಕರ್ಧ" ಎಂದರು ಮಾಸ್ತರರು. "ಯಂತ್ರ ಮೊದಲೇ ಹೇಳಿತ್ತಪಾ. ನಾನೇ ನಂಬಲಿಲ್ಲ."

ಯಂತ್ರ ಖರೆ ಹೇಳುತ್ತದೆ ಎಂಬ ಸುದ್ದಿ ಹಬ್ಬಿದ್ದೇ ಊರಿನ ನೆಮ್ಮದಿ ಹೋಯಿತು. ನಲವತ್ತು ದಾಟಿದ ಗಂಡಸರು ಮಾಸ್ತರರ ಮನೆ ಮುಂದೆ ಟೊಪ್ಪಿಗೆ ಇಲ್ಲದೆ ಹಾಯುತ್ತಿರಲಿಲ್ಲ. ಕಟಿಂಗ್ ಅಂಗಡಿಗಳು ನೆಲದ ಕೂದಲನ್ನು ಸುಡತೊಡಗಿದವು. ಕೊನೆಗೆ ಹಿರಿಯರ ಸಭೆ ಕೂಡಿತು. ಯಂತ್ರ ಒಡೆಯುವುದು ವಿಜ್ಞಾನಕ್ಕೆ ಅವಮಾನ ಎಂದು ಒಪ್ಪಿದರು. ಖರೆ ಹೇಳಲಿ, ಆದರೆ ಮಾಲೀಕರ ಒಪ್ಪಿಗೆ ಪಡೆದು ಹೇಳಲಿ ಎಂದು ಠರಾವಾಯಿತು. ಅದರಂತೆ ಮಾಸ್ತರರು ಪಕ್ಕದಲ್ಲಿ ಒಂದು ತಿರುಪು ಕೂಡಿಸಿದರು. ಬೇಕಾದ ಬಣ್ಣಕ್ಕೆ ತಿರುಗಿಸಿದರೆ ಆ ಬಣ್ಣವೇ ಚೀಟಿಯಲ್ಲಿ ಬರುತ್ತದೆ, ಮುಟ್ಟದಿದ್ದರೆ ಖರೆ ಬಣ್ಣ.

ಅಂದಿನಿಂದ ಅಂಗಳದಲ್ಲಿ ಸಾಲು. ಎಮ್ಮೆಗಳು ಬಿಳಿಯಾದವು. ಮದುಮಕ್ಕಳು ಕಪ್ಪಾದರು. ಬಾದಶಾ ಹಣೆಯ ಮೇಲೆ "ಬಿಳಿ" ಎಂಬ ಚೀಟಿ ಕಟ್ಟಿಕೊಂಡು ಕೆಂಪಗೇ ಮೆರವಣಿಗೆ ಹೊರಟಿತು. ಬ್ಲೀಚಿನ ಗೊಡವೆ ಪರಸಪ್ಪನಿಗೆ ತಪ್ಪಿತು.

ಹನ್ನೊಂದು ತಿಂಗಳಿಗೆ ಮೋತಿ ಮರಿ ಹಾಕಿತು. ಇದ್ದಿಲಿನಂಥ ಹೆಣ್ಣು ಮರಿ. ಅದೇ ವಾರ ಒಂದು ಮದುವೆಯ ಬೀಗರು ಕುದುರೆ ಗೊತ್ತುಮಾಡಲು ಬಂದರು. ಮೋತಿಯ ಸುತ್ತ ಒಂದು ಸುತ್ತು ಬಂದು ಅವರಲ್ಲಿ ಹಿರಿಯರೊಬ್ಬರು ಕೇಳಿದರು: "ಚೀಟಿ ಐತೇನು?"

"ಚೀಟಿ ಯಾಕ್ರೀ, ಕುದರೀನ ಐತಲ್ಲ" ಎಂದರು ದಾವಲಸಾಬರು.

ಬೀಗರು ಒಪ್ಪಲಿಲ್ಲ. ಎಲ್ಲರೂ ಮಾಸ್ತರರ ಮನೆಗೆ ನಡೆದರು. ಮಾಸ್ತರರು ಮೆಲ್ಲಗೆ ತಿರುಪಿನ ಕಡೆಗೆ ಕೈ ಚಾಚಿದರು. ದಾವಲಸಾಬರು ಆ ಕೈ ಹಿಡಿದರು. ಬಿಳಿ ಇರುವ ಪ್ರಾಣಿಗೆ ಬಿಳಿ ಎನ್ನಲು ಸುಳ್ಳು ಯಾಕೆ ಎಂಬುದು ಅವರ ಹಟ. ಕುಕ್ಕರು ಮೂರು ಸೀಟಿ ಹೊಡೆದು ಖರೆ ಹೇಳಿತು: ಕಪ್ಪು.

"ನೋಡಾಕ ಬಿಳಿ ಕಾಣತದ, ಖರೆ. ಆದ್ರ ನಾಕು ಮಂದ್ಯಾಗ ಕಪ್ಪು ಕುದರಿ ಹ್ಯಾಂಗ ಹತ್ತಸೂದ್ರೀ?" ಎಂದು ಬೀಗರು ನೊಂದುಕೊಂಡೇ ಹೇಳಿ, ಬಾದಶಾನನ್ನು ಗೊತ್ತುಮಾಡಿಕೊಂಡು ಹೋದರು.

ಈಗ ಮೋತಿಗೆ ಪೂರ್ತಿ ವಿಶ್ರಾಂತಿ. ಬೆಳ್ಳಗಾಗುವ ಮರಿಗೆ ಮೊದಲು ಕಣ್ಣಿನ ಸುತ್ತ ಬಿಳಿ ಕೂದಲು ಮೂಡುತ್ತವಂತೆ. ದಿನಾ ಬೆಳಿಗ್ಗೆ ದಾವಲಸಾಬರು ಮರಿಯ ಮುಖಕ್ಕೆ ಮುಖ ಹಚ್ಚಿ ಹುಡುಕುತ್ತಾರೆ. ಮೊನ್ನೆ ಒಂದು ಸಿಕ್ಕಿತು. ಅದು ಮರಿಯದೋ, ಅವರದೇ ಗಡ್ಡದ್ದೋ, ಇನ್ನೂ ಗೊತ್ತಾಗಿಲ್ಲ.