ಮುಯ್ಯಾಳು ಪಕ್ಷದ ಅಧ್ಯಕ್ಷರ ಭಾಷಣ

ದೊಡ್ಡ ಪಕ್ಷದವರಿಗೆ ಹೂಮಾಲೆಗಳು ಬೀಳುತ್ತವೆ, ನಮ್ಮಂಥವರಿಗೆ ಫಜೀತಿಗಳೇ ಗಂಟು ಬೀಳುತ್ತವೆ. ನಮ್ಮ ಪಕ್ಷದಲ್ಲಿ ಇದ್ದವರು ಇಬ್ಬರೇ. ನಿವೃತ್ತ ಮಾಸ್ತರರೊಬ್ಬರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಇವತ್ತು ನಾನು ನಿಮ್ಮ ಹೊಲದಲ್ಲಿ ದುಡಿದರೆ ನಾಳೆ ನೀವು ನನ್ನ ಹೊಲಕ್ಕೆ ಬರುವ ಮುಯ್ಯಾಳು ಪದ್ಧತಿ ಇದೆಯಲ್ಲ, ಇಡೀ ದೇಶ ಹಾಗೆಯೇ ನಡೆಯಬೇಕು, ನೋಟೇ ಇರಬಾರದು ಎನ್ನುವುದು ನಮ್ಮ ಸಿದ್ಧಾಂತ.

ಠೇವಣಿ

ಬಸವಕಲ್ಯಾಣದಲ್ಲಿ ನಾಮಪತ್ರ ಕೊಡಲು ಹೋದಾಗ ಠೇವಣಿ ಕೇಳಿದರು. ಹಣ ಸಿದ್ಧಾಂತಕ್ಕೆ ವಿರುದ್ಧ, ಬದಲಿಗೆ ಕಚೇರಿಗೆ ಸುಣ್ಣ ಬಳಿದು ಕೊಡುತ್ತೇನೆ ಎಂದರು ಅಧ್ಯಕ್ಷರು. ಅಧಿಕಾರಿ ಗೋಡೆ ನೋಡಿದರು, ನಮ್ಮನ್ನು ನೋಡಿದರು. "ಸುಣ್ಣ ಹ್ವಾದ ವಾರನ ಹಚ್ಚೀವ್ರಿ ಸರ" ಅಂದರು. ಹಾಗಾಗಿ ಆ ಚುನಾವಣೆಯಲ್ಲಿ ನಾವು ಸೋಲುವುದೊಂದು ತಪ್ಪಿತು.

ಮನ್ನಾಏಖೇಳ್ಳಿ ಸಭೆ

ಬಸ್ ನಿಲ್ದಾಣದಲ್ಲಿ ಅಧ್ಯಕ್ಷರು ಭಾಷಣಕ್ಕೆ ನಿಂತರೆ ಬೆಂಚುಗಳ ತುಂಬ ಜನ. ಅಧ್ಯಕ್ಷರ ಮುಖ ಅರಳಿತು. ಅಷ್ಟರಲ್ಲಿ ಹುಮನಾಬಾದ್ ಬಸ್ ಬಂತು, ಜನ ಎದ್ದು ಹೋದರು. ಒಬ್ಬ ಮುದುಕಿ ಮಾತ್ರ ಉಳಿದಳು. ಅವಳೊಬ್ಬಳಿಗಾಗಿಯೇ ಅಧ್ಯಕ್ಷರು ದನಿ ಏರಿಸಿದರು. ಅವಳು ಕೈ ಎತ್ತಿದಾಗ ಪ್ರಶ್ನೆ ಬಂತೆಂದು ಅವರಿಗೆ ಸಂಭ್ರಮ. ಬೇಮಳಖೇಡ ಬಸ್ ಎಷ್ಟೊತ್ತಿಗೆ ಎಂದು ಕೇಳಿದಳು.

ಹಿಂತಿರುಗುವಾಗ ಅವರು ಕಿಟಕಿಯ ಹೊರಗೇ ನೋಡುತ್ತ, "ನಾ ಸಾಯೂದ್ರಾಗ ಒಬ್ಬರರ ಪೂರಾ ಕೇಳಿದ್ರ ಸಾಕು ನೋಡಪಾ" ಅಂದರು. ನನಗೆ ಬಹಳ ಸಂಕಟವಾಯಿತು.

ಕಟಿಂಗ್ ಅಂಗಡಿ

ನಮ್ಮ ಮುಯ್ಯಾಳಿಗೆ ಒಪ್ಪಿದವನು ಹುಮನಾಬಾದಿನ ಕಟಿಂಗ್ ಅಂಗಡಿಯವನೊಬ್ಬನೇ. ಅವನ ಮಗಳಿಗೆ ಅಧ್ಯಕ್ಷರು ಲೆಕ್ಕ ಹೇಳಿಕೊಡುತ್ತಿದ್ದರು, ಅವನು ಇವರ ದಾಡಿ ಮಾಡುತ್ತಿದ್ದ. ದಾಡಿ ಅರ್ಧಕ್ಕೆ ಬಿಟ್ಟು ಅವನು ಓಡಿಹೋಗುವಂತಿಲ್ಲವಲ್ಲ, ಕುರ್ಚಿಯಲ್ಲಿ ಕೂತ ಕೂಡಲೇ ಇವರು ಭಾಷಣ ಶುರು ಮಾಡುವರು. ಪ್ರತಿ ಸಲ ಅವನದು ಒಂದೇ ಮಾತು: "ಬಾಯಿ ಅಲ್ಲಾಡಸಬ್ಯಾಡ್ರಿ ಸರ, ಕತ್ತಿ ತಾಕ್ತದ." ಅಧ್ಯಕ್ಷರು ಕೇಳಬೇಕಲ್ಲ. ಗಲ್ಲಕ್ಕೆ ಹತ್ತಿ ಒತ್ತಿಕೊಳ್ಳದೆ ಅವರು ಆ ಅಂಗಡಿಯಿಂದ ಹೊರಬಂದದ್ದೇ ಇಲ್ಲ.

ಕೊನೆಯ ದಾಡಿ

ಹೋದ ಚಳಿಗಾಲ ಅಧ್ಯಕ್ಷರು ಆಸ್ಪತ್ರೆಯಲ್ಲಿ ತೀರಿಕೊಂಡರು. ದಾಡಿ ಬೆಳೆದಿತ್ತು. ಹಾಗೇ ಕಳಿಸಬಾರದೆಂದು ಅವರ ಹೆಂಡತಿ ಆ ಕಟಿಂಗ್ ಅಂಗಡಿಯವನನ್ನೇ ಕರೆಸಿದರು. ಅವನು ಅಳುತ್ತಲೇ ನೊರೆ ಹಚ್ಚಿದ, ಗಲ್ಲ ಹಿಡಿದ, ಕತ್ತಿ ಎತ್ತಿದ. ರೂಢಿಯಂತೆ ಮಾತು ತಾನಾಗಿ ಬಂದುಬಿಟ್ಟಿತು: "ಬಾಯಿ ಅಲ್ಲಾಡಸಬ್ಯಾಡ್ರಿ ಸರ."

ಅಳುತ್ತಿದ್ದವರೆಲ್ಲ ನಕ್ಕುಬಿಟ್ಟೆವು. ಅಧ್ಯಕ್ಷರ ಹೆಂಡತಿಯೂ ನಕ್ಕರು. ಅವನೊಬ್ಬನೇ ನಗಲಿಲ್ಲ. ಕತ್ತಿ ಕೆಳಗಿಟ್ಟು, "ತಪ್ಪಾತ್ರಿ. ಹೇಳ್ರಿ ಸರ, ಇವತ್ತ ಪೂರಾ ಕೇಳತೀನಿ" ಅಂದ. ಸ್ವಲ್ಪ ಹೊತ್ತು ಖರೇನೇ ಕಾದ.

ಆಮೇಲೆ ದಾಡಿ ಮುಗಿಸಿದ. ಅವತ್ತು ಮಾತ್ರ ಹತ್ತಿ ಬೇಕಾಗಲಿಲ್ಲ.