ಮಾವನ ಬೂಟಿನ ಸಪ್ಪಳ

ಕೆಲವರಿಗೆ ಪದ್ಯ ಬರೆಯುವ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು. ನನಗಿರುವುದು ಮಂದಿಯ ಕಾಲು ನೋಡುವ ಹುಚ್ಚು. ಎದುರಿಗೆ ಬಂದವರ ಮುಖ ಮರೆತೇನು, ಪಾದ ಮರೆಯಲಾರೆ. ವಿಜಾಪುರದ ಹೈಸ್ಕೂಲಿನಲ್ಲಿ ಚಿತ್ರ ಬರೆಯಲು ಕಲಿಸುವ ಮಾಸ್ತರನಿಗೆ ಈ ಚಟ ಹೇಗೆ ಹತ್ತಿತೆಂದು ಕೇಳಿದರೆ, ನನ್ನ ಸೋದರಮಾವನ ಎಡಗಾಲನ್ನು ತೋರಿಸಬೇಕಾಗುತ್ತದೆ. ಅವರು ನನಗೆ ಎರಡು ಬಗೆಯಿಂದ ಮಾವ: ಅವ್ವನ ತಮ್ಮ, ಮೇಲೆ ನನ್ನ ಹೆಂಡತಿ ಕಮಲೆಯ ಅಪ್ಪ. ಅವರ ಕಾಲಿಗೆ ಮುಳ್ಳು ಚುಚ್ಚಿದರೆ ನಮ್ಮ ಮನೆಯಲ್ಲಿ ಇಬ್ಬರು ಹೆಂಗಸರು ಅಳುತ್ತಾರೆ, ನನಗೆ ಊಟ ತಪ್ಪುತ್ತದೆ.

ಮಾವ ಬಾಬಲೇಶ್ವರದ ಹತ್ತಿರದ ನಿಡೋಣಿ ಊರಿನ ಒಕ್ಕಲಿಗರು. ಸಕ್ಕರೆ ಬೇನೆ ಹತ್ತಿ ಅಂಗಾಲು ಜೋಮು ಹಿಡಿದಿತ್ತು. ಒಂದು ದಿನ ಮೆಟ್ಟಿನ ಮೊಳೆ ಕಾಲಿಗೆ ನಾಟಿಕೊಂಡೇ ಹೊಲದಿಂದ ಮನೆತನಕ ನಡೆದು ಬಂದಿದ್ದಾರೆ. ಸಾರಿಸಿದ ನೆಲದ ಮೇಲೆ ರಕ್ತದ ಹೆಜ್ಜೆ ನೋಡಿ ಅತ್ತೆ ಚೀರಿದಾಗಲೇ ಅವರಿಗೆ ಗೊತ್ತಾದದ್ದು. ವಿಜಾಪುರದ ಡಾಕ್ಟರು ಗಾಯ ಕಟ್ಟಿ, "ಇನ್ನೊಂದು ಹುಣ್ಣಾತಂದ್ರ ಕಾಲು ತಗೀಬೇಕಾಗ್ತೈತ್ರಿ ಗೌಡ್ರ. ಮನ್ಯಾಗೂ ಬರಿಗಾಲಿಲೆ ಅಡ್ಡಾಡಬ್ಯಾಡ್ರಿ. ಮೆತ್ತನ್ನ ಬೂಟ ಹಾಕ್ರಿ. ಬೆಲ್ಲ ಬಿಡ್ರಿ" ಎಂದರು. ಮಾವ ಕಾಲಿನ ಮಾತಿಗೆ ಬೆವೆತರು, ಬೆಲ್ಲದ ಮಾತಿಗೆ ಕಣ್ಣೀರು ತಂದರು.

ಅಂಥ ಬೂಟು ಪೇಟೆಯಲ್ಲಿ ಎಲ್ಲಿಯೂ ಸಿಗಲಿಲ್ಲ. ನನಗೆ ಎಲ್ಲಿಲ್ಲದ ಹುರುಪು ಬಂತು. ನಾನೇ ಮಾಡಿಸುತ್ತೇನೆಂದು ಡ್ರಾಯಿಂಗ್ ಹಾಳೆ ಹಾಸಿ, "ಕಾಲಿಡ್ರಿ ಮಾವ" ಎಂದೆ.

"ಸಾಲಿ ಮಾಸ್ತರಾಗಿ ಸರಸ್ವತಿ ಮ್ಯಾಲ ಕಾಲಿಡು ಅಂತೀಯಲ್ಲೋ ಅಳಿಯಾ" ಎಂದು ಬೈದು, ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಹೆದರುತ್ತಲೇ ಇಟ್ಟರು. ಸುತ್ತ ಪೆನ್ಸಿಲ್ ಓಡಿಸಿ ನೋಡಿದರೆ, ಅಬ್ಬಾ, ಬೆರಳ ಕಡೆ ಮೊರದಷ್ಟು ಅಗಲ, ಹಿಮ್ಮಡ ಸಣ್ಣದು. ಇಂಥ ಪಾದವನ್ನು ಚೂಪು ಮೂತಿಯ ಬೂಟಿಗೆ ತುರುಕಿದರೆ ಹುಣ್ಣಾಗದೆ ಇನ್ನೇನಾದೀತು? ಆ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ. ಬೆಳಗ್ಗೆ ಅಥಣಿ ರಸ್ತೆಯಲ್ಲಿ ಮೆಟ್ಟು ಹೊಲಿಯುವ ಯಮನಪ್ಪನ ಮುಂದೆ ಚಿತ್ರ ಹರವಿದೆ. ಬೆರಳಿಗೆ ಅಗಲ ಜಾಗ, ಒಳಗೆ ಹೊಲಿಗೆಯ ಗಂಟಿಲ್ಲ, ಮೊಳೆಯ ಹೆಸರೇ ಇಲ್ಲ, ಅಂಗಾಲಿಗೆ ಮೆತ್ತೆ. ತಯಾರಾದ ಬೂಟನ್ನು ನಾನು ಮಗುವಿನ ಹಾಗೆ ಎದೆಗವಚಿಕೊಂಡು ಬಸ್ಸು ಹತ್ತಿದೆ.

ಮಾವ ಅಂಗಳದಲ್ಲಿ ಒಂದು ಸುತ್ತು ಹಾಕಿ ಕಳಚಿಟ್ಟರು. "ಇದು ಜೀರೂದಿಲ್ಲಲ್ಲೋ. ಗೌಡ ಬಂದಾನಂತ ಮಂದಿಗೆ ಹ್ಯಾಂಗ ಗೊತ್ತಾಗಬೇಕು? ಬೆಕ್ಕ ಬಂದಂಗ ಆಗ್ತೈತಿ."

ನಮ್ಮ ಕಡೆ ನಡೆದರೆ ಜರಕ್ ಜರಕ್ ಎಂದು ಜೀರದ ಮೆಟ್ಟು ಮೆಟ್ಟೇ ಅಲ್ಲ. ನನ್ನ ಚಿತ್ರದಲ್ಲಿ ಎಲ್ಲ ಇತ್ತು, ಸಪ್ಪಳ ಇರಲಿಲ್ಲ. ಮಾವ ಮತ್ತೆ ಹಳೆಯ ಮೊಳೆಯ ಮೆಟ್ಟಿಗೆ ಕಾಲು ಹಾಕುವುದನ್ನು ಕಂಡು ನನ್ನ ಜೀವ ಹಾರಿಹೋಯಿತು. ಅದನ್ನು ಕಸಿದುಕೊಂಡು, ಬೂಟಿನೊಂದಿಗೆ ಯಮನಪ್ಪನಲ್ಲಿಗೆ ಓಡಿದೆ. ಅವನು ನಕ್ಕು, ಅಡಿಯ ಎರಡು ಅಟ್ಟೆಗಳ ನಡುವೆ ಒಣ ತೊಗಲಿನ ಪಟ್ಟಿ ಸೇರಿಸಿ ಹೊಲಿದ. ಈ ಸಲ ಮಾವ ಊರ ತುಂಬ ಜೀರುತ್ತ ಅಡ್ಡಾಡಿದರು. ಮನೆಯೊಳಗೆ ಮೆಟ್ಟು ತರುವುದೆಂದರೆ ಅತ್ತೆಗೆ ಆಗದು. ಕಾಲಿನ ಭಯಕ್ಕೆ ದೇವರ ಜಗಲಿಯೊಂದನ್ನು ಬಿಟ್ಟು ಉಳಿದೆಡೆಗೆ ಅವರೂ ಒಪ್ಪಿದರು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು, "ಕಾಲು ಉಳೀತ್ರಿ, ಸಕ್ಕರಿನೂ ಇಳದೈತಿ" ಎಂದರು. ನಾನು ಹಿಗ್ಗಿನಿಂದ ಅಟ್ಟಕ್ಕೇರಿದೆ. ಬೂಟಿನಿಂದ ಸಕ್ಕರೆಯೂ ಇಳಿಯುವುದೆಂದರೆ ಸಣ್ಣ ಮಾತೇ?

ಜೊತೆಗೆ ಬಂದಿದ್ದ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ನಿಮಗ ಪುಣ್ಯ ಬರಲಿ ಅಳಿಯಂದ್ರ. ಮೊದಲ ಇವರು ಬೆಲ್ಲದ ಗಡಿಗಿ ಕಡೆ ಯಾವಾಗ ಹೊಕ್ಕಿದ್ರೋ ತಿಳೀತಿದ್ದಿಲ್ಲ. ಈಗ ಹಿತ್ತಲದಾಗ ಕುಂತ್ರೂ ಕೇಳತೈತಿ."

ಬೂಟು ಕಳಚಿ ಗಡಿಗೆಯ ಹತ್ತಿರ ಹೋಗೋಣವೆಂದರೆ ಮಾವನಿಗೆ ಡಾಕ್ಟರ ಮಾತಿನ ಹೆದರಿಕೆ. "ಕಾಲ ಉಳಿಸಿದಿ, ನಾಲಿಗಿ ಕೊಂದಿ" ಎಂದು, ಊರಿಗೆ ಬಿಡಲು ಹೊರಟ ನನ್ನನ್ನು ಬಸ್ಸಿನಲ್ಲಿ ಬಾಬಲೇಶ್ವರ ಬರುವವರೆಗೂ ಶಪಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಈ ವರ್ಷ ಅದೇ ಡಾಕ್ಟರು ನನ್ನಲ್ಲೂ ಸಕ್ಕರೆ ಕಂಡುಹಿಡಿದಿದ್ದಾರೆ. ಹೆದರುವ ಬದಲು ಖುಷಿಯಾಯಿತೆಂದರೆ ನೀವು ನಂಬುವುದಿಲ್ಲ. ಬರೆಯಲು ನನ್ನದೇ ಪಾದ ಸಿಕ್ಕಿತ್ತು. ಯಮನಪ್ಪನಿಗೆ ಮಾತ್ರ ಸಪ್ಪಳ ಬೇಡವೇ ಬೇಡ ಎಂದು ಒತ್ತಿ ಹೇಳಿದೆ. ಮುಂಜಾನೆ ಕಮಲೆ ತನ್ನ ಚಪ್ಪಲಿ ಹೊಲಿಸಲು ಬಂದು ಹೋದಳೆಂದು ಹೇಳಿ, ಅವನು ಯಾಕೋ ತಲೆ ತಗ್ಗಿಸಿ ನಕ್ಕ. ಹೊಸ ಬೂಟು ಮನೆಗೆ ತಂದು ತೊಟ್ಟವನೇ ನೀರು ಕುಡಿಯುವ ನೆವದಿಂದ ಮೆಲ್ಲಗೆ ಅಡಿಗೆಮನೆಗೆ ಕಾಲಿಟ್ಟೆ. ಜರಕ್ ಎಂದಿತು.

ಹಿತ್ತಲಿನಿಂದ ಕಮಲೆ ಹೇಳಿದಳು: "ಬೆಲ್ಲ ಅಲ್ಲಿಲ್ರಿ. ಹೊಳ್ಳಿ ಹೋಗ್ರಿ."