ಲಲ್ಲಾ ನಜೀಹಾರ ಮೊದಲ ಭಟ್ಟಿಪಾತ್ರೆ

ತೊಂದರೆಗೆಲ್ಲ ಮೂಲ ಪುಸ್ತಕದ ಹದಿನೇಳನೆಯ ಪುಟದಲ್ಲಿದ್ದ ಒಂದು ವಾಕ್ಯ. 'ಮದುವೆಯ ಬಳೆಗಳನ್ನು ಮಾರಿ ಒಂದು ತಾಮ್ರದ ಭಟ್ಟಿಪಾತ್ರೆ ಕೊಂಡೆ. ಯಾರ ಹಂಗೂ ಇಲ್ಲದೆ ಅದೊಂದರಿಂದಲೇ ಮೇಲೆ ಬಂದೆ.'

ಪುಸ್ತಕದ ಹೆಸರು 'ನನ್ನ ಬದುಕು, ನನ್ನ ಬೆವರು'. ಬದುಕು, ಊರೆಲ್ಲ ಗೌರವದಿಂದ 'ಲಲ್ಲಾ' ಎಂದು ಕರೆಯುತ್ತಿದ್ದ ನಜೀಹಾ ಅವರದು. ನಾಬೆಲ್ ಊರಿನಲ್ಲಿ ಕಿತ್ತಳೆ ಹೂವಿನ ನೀರಿನ ಕಾರ್ಖಾನೆ ಇಟ್ಟು, ಇಡೀ ಟುನೀಶಿಯಾದಲ್ಲಿ ಮಹಾದಾನಿ ಎನಿಸಿಕೊಂಡವರು. ಬೆವರು ಶೆದ್ಲಿಯದು. ಅವರ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಗುಮಾಸ್ತನಾಗಿದ್ದ ಅವನೇ ಅವರು ಹೇಳಿದ್ದನ್ನು ಬರೆದವನು, ಹೇಳದ್ದನ್ನು ತುಂಬಿದವನು.

ಲಲ್ಲಾ ನಜೀಹಾರ ದಾನದ ರೀತಿಯೇ ಬೇರೆ. ಆಸ್ಪತ್ರೆಗೆ ಹನ್ನೆರಡು ಬೆಂಚು ಕೊಟ್ಟಿದ್ದರು. ಒರಗುವ ಹಲಗೆಯಲ್ಲಿ ಅವರ ಹೆಸರು ಎಷ್ಟು ಉಬ್ಬಾಗಿತ್ತೆಂದರೆ, ಒರಗಿ ಕೂತ ರೋಗಿ ಎದ್ದು ಹೋಗುವಾಗ ಆ ಹೆಸರನ್ನು ಬೆನ್ನ ಮೇಲೆ ಮೂಡಿಸಿಕೊಂಡೇ ಹೋಗುತ್ತಿದ್ದ. ಶಾಲೆಗೆ ಕೊಟ್ಟ ಕುರ್ಚಿಗಳು ಎರಡು ತಿಂಗಳು ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದವು. ಕ್ಯಾಮೆರಾದವರಿಗೆ ಬಿಡುವಾಗುವ ತನಕ ಮಕ್ಕಳು ನೆಲದ ಮೇಲೆ ಕೂತು ಅವನ್ನು ನೋಡುತ್ತಿದ್ದರು. ಈಗ ಊರಿಗೆ ಕೊಡಲಿದ್ದ ಹೊಸ ದಾನವೆಂದರೆ ತಮ್ಮದೇ ಬದುಕಿನ ವಸ್ತುಸಂಗ್ರಹಾಲಯ. ಆ ದಿನ ಸಂಜೆ ಐದಕ್ಕೆ ಗವರ್ನರ್ ಬಂದು ಅದರ ಬಾಗಿಲು ತೆರೆಯಬೇಕಿತ್ತು.

ಬೆಳಿಗ್ಗೆ ಒಳಗೆ ಕಾಲಿಟ್ಟ ಲಲ್ಲಾ ನಜೀಹಾ ನಡುಮನೆಯ ಅಮೃತಶಿಲೆಯ ಪೀಠದ ಮುಂದೆ ನಿಂತರು. ಪೀಠದ ಕೆಳಗೆ ಹಿತ್ತಾಳೆ ಫಲಕ: 'ಇದರಿಂದಲೇ ಎಲ್ಲ ಆರಂಭವಾಯಿತು'. ಪೀಠದ ಮೇಲೆ ಏನೂ ಇರಲಿಲ್ಲ.

"ಪಾತ್ರೆ ಎಲ್ಲಿ, ಶೆದ್ಲಿ?"

ಯಾವ ಪಾತ್ರೆ ಎಂದು ಕೇಳಬಾರದಿತ್ತು. ಶೆದ್ಲಿ ಕೇಳಿಬಿಟ್ಟ.

"ಹದಿನೇಳನೇ ಪುಟದ್ದು. ಬರೆದೋನು ನೀನು, ತರೋನೂ ನೀನೇ. ನಾನು ಮೊದ್ಲಿದ್ದ ಹಳೇ ಓಣೀಲಿ ಎಲ್ಲಾದ್ರೂ ಬಿದ್ದಿರುತ್ತೆ. ಐದು ಗಂಟೆಗೆ ಇದರ ಮೇಲಿದ್ರೆ ನೀನು ಇಲ್ಲಿನ ಕಾಯಂ ಪಾಲಕ. ಇಲ್ದಿದ್ರೆ ನಾಳೆಯಿಂದ ಬರೋ ತೊಂದ್ರೆ ತಗೋಬೇಡ."

ಕಾಯಂ ಎಂಬ ಮಾತು ಕೇಳಿ ಶೆದ್ಲಿ ಕೋಟಿನ ಗುಂಡಿ ಹಾಕಿಕೊಂಡ. ಹನ್ನೊಂದು ವರ್ಷದಿಂದ ಅವನ ಅತ್ತೆ ನೆಂಟರೆದುರು ಅವನನ್ನು 'ನಮ್ಮ ಹಂಗಾಮಿ ಅಳಿಯ' ಎಂದೇ ಪರಿಚಯಿಸುತ್ತಿದ್ದರು. ಪೇಟೆಯಲ್ಲಿ ಒಂದು ಪಾತ್ರೆ ಕೊಂಡುಬಿಡೋಣವೆಂದರೆ ಅಂಗಡಿಯವೆಲ್ಲ ಮದುಮಗನ ಹಾಗೆ ಹೊಳೆಯುತ್ತವೆ. ನಲವತ್ತು ವರ್ಷದ ಮಸಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಏಪ್ರಿಲ್ ತಿಂಗಳು. ಹಳೆಯ ಓಣಿಯಲ್ಲಿ ಮನೆಮನೆಯ ಅಂಗಳದಲ್ಲೂ ಬಟ್ಟೆ ಹಾಸಿ ಕಹಿ ಕಿತ್ತಳೆಯ ಬಿಳಿ ಹೂವು ಹರಡಿದ್ದರು. ಶೆದ್ಲಿ ಮೊದಲ ಬಾಗಿಲಲ್ಲಿ ವಿಚಾರಿಸಿದ. ಮೂರನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಅರ್ಧ ಓಣಿ ಅವನ ಹಿಂದಿತ್ತು. ಕ್ಷೌರಿಕ ಆ ಪಾತ್ರೆ ಫ್ರಾನ್ಸಿಗೆ ಹೋಯಿತೆಂದ. ಕಾಫಿ ಅಂಗಡಿಯವನು ಅಂಥದೊಂದು ಪಾತ್ರೆ ಹುಟ್ಟಿಯೇ ಇಲ್ಲವೆಂದು ಆಣೆ ಮಾಡಿದ. ಒಬ್ಬ ಹೆಂಗಸು ಕುಸ್‌ಕುಸ್ ರವೆ ಬೇಯಿಸುವ, ತಳ ಒಡೆದ ಪಾತ್ರೆಯನ್ನು ತಂದು ಅವನ ಕೈಗಿಟ್ಟು, ಗವರ್ನರ್ ದೂರದಿಂದ ನೋಡುವವರು, ಇದೇ ಸಾಕೆಂದಳು. ಕೊನೆಗೆ ಎಲ್ಲರೂ ಸೇರಿ ಅವನನ್ನು ಮನ್ನೂಬಿಯಾ ಚಿಕ್ಕಮ್ಮನ ಅಂಗಳಕ್ಕೆ ದೂಡಿದರು.

ಎಂಬತ್ತು ವರ್ಷದ ಮನ್ನೂಬಿಯಾ ಇಡೀ ಓಣಿಗೇ ಚಿಕ್ಕಮ್ಮ. ಒಲೆಯ ಮುಂದೆ ಕೂತಿದ್ದರು. ಒಲೆಯ ಮೇಲೆ ಮಸಿ ಹಿಡಿದ ಭಟ್ಟಿಪಾತ್ರೆ. ಅದರ ಮೂತಿಯಿಂದ ಹೂವಿನ ನೀರು ಹನಿಹನಿಯಾಗಿ ಸೀಸೆಗೆ ಬೀಳುತ್ತಿತ್ತು. ಶೆದ್ಲಿ ಹದಿನೇಳನೆಯ ಪುಟವನ್ನು ಓದಿ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

"ಇದೇ ಆ ಪಾತ್ರೆ. ನನ್ನ ಮದುವೇಲಿ ನಮ್ಮಮ್ಮ ಕೊಟ್ಟಿದ್ದು. ಒಂದು ದಿನಕ್ಕೆ ಅಂತ ಇಸ್ಕೊಂಡು ಹೋದ್ಲು ನಜೀಹಾ, ಮೂರು ವರ್ಷ ಇಟ್ಕೊಂಡ್ಲು. ನಾಲ್ಕನೇ ವರ್ಷ ನಾವು ಹೆಂಗಸ್ರೆಲ್ಲ ಹೋಗಿ ಹೊತ್ಕೊಂಡು ಬಂದ್ವಿ."

"ಮತ್ತೆ ಬಳೆ?"

"ಕೈಯಲ್ಲೇ ಇತ್ತಪ್ಪ. ನಾವು ಪಾತ್ರೆ ಕೇಳೋಕೆ ಹೋದಾಗ ಅವಳು ಬಾಗಿಲು ಹಾಕ್ಕೊಂಡ್ಲಲ್ಲ, ಆಗ ಬಳೆ ಸದ್ದು ಕೇಳಿಸ್ತು."

ಆ ಓಣಿಯಲ್ಲಿ ಏಳು ಮನೆಗೆ ಅದೊಂದೇ ಪಾತ್ರೆ, ಸರದಿಯ ಮೇಲೆ. ಬೆಳಿಗ್ಗೆ ಕಿತ್ತ ಹೂವನ್ನು ಆ ದಿನವೇ ಭಟ್ಟಿ ಇಳಿಸಬೇಕು, ಇಲ್ಲವಾದರೆ ಕಪ್ಪಾಗಿ ಕೆಡುತ್ತದೆ. ಮಧ್ಯಾಹ್ನ ಮೂರರವರೆಗೆ ಚಿಕ್ಕಮ್ಮನ ಸರದಿ, ಆಮೇಲೆ ಪಕ್ಕದ ಮನೆಯ ಬೇಯಾಳದು. ಕೊನೆಯ ಹನಿ ಬೀಳುವ ತನಕ ಪಾತ್ರೆಯನ್ನು ಒಲೆಯಿಂದ ಇಳಿಸುವಂತೆಯೂ ಇಲ್ಲ. ಆಗ ಗಂಟೆ ಹನ್ನೊಂದು.

ಸುಮ್ಮನೆ ಕೂತ ಗಂಡಸನ್ನು ಆ ಅಂಗಳ ಕಂಡದ್ದೇ ಇಲ್ಲ. ಬೇಯಾ ಅವನ ಮುಂದೆ ಹೂವಿನ ರಾಶಿ ಸುರಿದು ಎಲೆ ಆರಿಸಲು ಹೇಳಿದಳು. ಅವನು ಎಲೆ ಇಟ್ಟುಕೊಂಡು ಹೂವು ಎಸೆದ. ಆವಿ ತಣಿಸಲು ಮುಚ್ಚಳದ ಮೇಲಿಟ್ಟ ತಣ್ಣೀರು ಬದಲಾಯಿಸಲು ಕೊಟ್ಟರೆ ಒಲೆಗೆ ಬಾಗಿ ಕೋಟಿನ ತೋಳು ಸುಟ್ಟುಕೊಂಡ. ಬೇಯಾ ಒಂದು ಬಿಂದಿಗೆ ನೀರನ್ನು ಅವನ ಮೇಲೆ ಸುರಿದಳು. ತೋಳಿಗೆ ಒಂದು ಚೊಂಬು ಸಾಕಾಗಿತ್ತು. ಹಂಗಾಮಿ ನೌಕರನ ಒಂದೇ ಒಂದು ಕೋಟು ಒದ್ದೆ ಕೋಳಿಯಂತಾಯಿತು. ಮನ್ನೂಬಿಯಾ ಒಳಗೆ ಹೋಗಿ, ತೀರಿಹೋದ ಗಂಡನ ಜಿಬ್ಬಾ ನಿಲುವಂಗಿ ತಂದುಕೊಟ್ಟರು. ಊಟವಾಯಿತೇ ಎಂದು ಕೇಳಲಿಲ್ಲ; ಎಣ್ಣೆಯಲ್ಲಿ ಅದ್ದಿದ ರೊಟ್ಟಿ, ಒಂದು ಬೇಯಿಸಿದ ಮೊಟ್ಟೆ ಅವನ ಮುಂದಿಟ್ಟು, ಮೊಟ್ಟೆಯ ಸಿಪ್ಪೆಯನ್ನು ತಾವೇ ಸುಲಿದರು. ಲಲ್ಲಾ ನಜೀಹಾರ ಕಚೇರಿಯಲ್ಲಿ ಹನ್ನೊಂದು ವರ್ಷ ಯಾರೂ ಅವನಿಗಾಗಿ ಏನನ್ನೂ ಸುಲಿದಿರಲಿಲ್ಲ, ಅವನನ್ನೊಬ್ಬನನ್ನು ಬಿಟ್ಟು.

ಮೂರು ಗಂಟೆಗೆ ಪಾತ್ರೆ ಒಲೆಯಿಂದಿಳಿಯಿತು. ತನ್ನ ಸರದಿ ಬಿಟ್ಟು ಅದನ್ನು ಕಳಿಸಲು ಬೇಯಾ ಸುತರಾಂ ಒಪ್ಪಲಿಲ್ಲ. ಆಯಮ್ಮ ಮತ್ತೆ ಮೂರು ವರ್ಷ ಇಟ್ಟುಕೊಂಡರೆ ಹೂವಿಗೆ ಯಾರು ಉತ್ತರ ಹೇಳುತ್ತಾರೆ ಎಂದು ಕೇಳಿದಳು. ಶೆದ್ಲಿ ತನ್ನ ಕೆಲಸ, ಅತ್ತೆ ಎಲ್ಲವನ್ನೂ ಹೇಳಿಕೊಂಡ. ಅತ್ತೆಯ ವಿಷಯ ಬಂದಾಗ ಬೇಯಾ ಕೂಡ ಸ್ವಲ್ಪ ಮೆತ್ತಗಾದಳು.

"ಆರು ಗಂಟೆ ತನಕ," ಎಂದರು ಮನ್ನೂಬಿಯಾ. "ಆರಕ್ಕೆ ನಾನೇ ಬರ್ತೀನಿ."

ತಳ್ಳುಗಾಡಿಯ ಮೇಲೆ ಪಾತ್ರೆ ಬಂದು ನಾಲ್ಕೂವರೆಗೆ ಪೀಠ ಏರಿತು. ಲಲ್ಲಾ ನಜೀಹಾ ಹತ್ತಿರ ಬರದೆ, ಮೂಗಿಗೆ ಕರವಸ್ತ್ರ ಹಿಡಿದು ನೋಡಿದರು.

"ಸ್ವಲ್ಪ ಜಾಸ್ತಿನೇ ಬಡವಾಗಿ ಕಾಣ್ತಿದೆ. ಇರ್ಲಿ, ಪರದೆ ಎಳಿ."

ಆರು ಗಂಟೆಗೆ ಹಿಂದಿರುಗಿಸಬೇಕು ಎಂದು ಶೆದ್ಲಿ ಹೇಳುವಾಗ ಅವರು ಕನ್ನಡಿ ನೋಡಿಕೊಳ್ಳುತ್ತಿದ್ದರು. ಪೀಠದ ಸುತ್ತ ಮಖಮಲ್ಲಿನ ಪರದೆ ಇಳಿಯಿತು.

ಐದಾಯಿತು, ಗವರ್ನರ್ ಇಲ್ಲ. ಐದೂವರೆಗೆ ಬಂದರು. ಹೊರಗೆ ಹೂದೋಟದಲ್ಲಿ ಭಾಷಣಗಳು ಶುರುವಾದವು. ಲಲ್ಲಾ ನಜೀಹಾರ ಬಾಲ್ಯವೇ ಇಪ್ಪತ್ತೈದು ನಿಮಿಷ ಹಿಡಿಯಿತು. ಅವರ ಹಸಿವಿನ ವರ್ಣನೆ ನಡೆದಾಗ ಅತಿಥಿಗಳು ಬಾದಾಮಿ ತಿಂಡಿಯ ತಟ್ಟೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಒಳಗೆ ಪರದೆಯ ಪಕ್ಕದಲ್ಲಿ ಶೆದ್ಲಿ ಒಬ್ಬನೇ ನಿಂತಿದ್ದ. ಸರಿಯಾಗಿ ಆರಕ್ಕೆ ಹಿಂದಿನ ಬಾಗಿಲಿಂದ ಮನ್ನೂಬಿಯಾ ಬಂದರು.

ಅವನು ಒಂದು ಗಂಟೆ ಕೇಳಿದ. ಅರ್ಧ ಗಂಟೆ ಕೇಳಿದ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು.

"ಹೂವಿಗೆ ಗವರ್ನರ್ ಅಂದ್ರೆ ಏನು ಗೊತ್ತು ಮಗಾ. ಬೇಯಾ ಬೆಳಗಿನ ಜಾವ ಏಣಿ ಹತ್ತಿ ಕಿತ್ತಿದ್ದಾಳೆ. ಕೈ ತುಂಬ ಮುಳ್ಳು. ಆಗ್ಲೇ ಅಂಚೆಲ್ಲ ಕಪ್ಪಾಗ್ತಾ ಬಂದಿದೆ."

ಇಷ್ಟು ಹೇಳಿ ಪರದೆ ಸರಿಸಿ, ಪಾತ್ರೆಯ ಒಂದು ಕಡೆಯ ಹಿಡಿಕೆ ಹಿಡಿದು ಎತ್ತಿದರು. ಸೊಂಟ ಲಟಕ್ಕೆಂದಿತು. ಎಂಬತ್ತರ ಮುದುಕಿ ಒಬ್ಬಳೇ ತಾಮ್ರ ಹೊರುವುದನ್ನು ನೋಡುತ್ತ ನಿಲ್ಲುವುದನ್ನು ಶೆದ್ಲಿಗೆ ಯಾರೂ ಕಲಿಸಿರಲಿಲ್ಲ. ಅವನ ಕೈ ತಾನಾಗಿಯೇ ಇನ್ನೊಂದು ಹಿಡಿಕೆಗೆ ಹೋಯಿತು. ಪರದೆ ಅವರ ಹಿಂದೆ ಮತ್ತೆ ಮುಚ್ಚಿಕೊಂಡಿತು. ಅವನು ಮೆಟ್ಟಿಲು ಇಳಿಸಿದ, ಗಾಡಿಗೇರಿಸಿದ, ಏರಿನಲ್ಲಿ ಹಿಂದಿನಿಂದ ತಳ್ಳಿದ. ಏರು ಮುಗಿದು, ಓಣಿಯ ಹುಡುಗರು ಕೈಹಾಕಿದ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ, ತಾನು ತನ್ನ ಕಾಯಂ ಕೆಲಸವನ್ನು ತಾನೇ ಹೊತ್ತು ಹೊರಗೆ ಹಾಕಿದ್ದು ಅವನಿಗೆ ಹೊಳೆಯಿತು.

ಜಿಬ್ಬಾ ಎತ್ತಿ ಹಿಡಿದು ಓಡಿಬರುವಷ್ಟರಲ್ಲಿ ನಡುಮನೆ ಜನರಿಂದ ತುಂಬಿತ್ತು. ಗವರ್ನರ್ ಹಗ್ಗ ಎಳೆದರು. ಪರದೆ ಸರಿಯಿತು.

ಬರೀ ಕಲ್ಲು. ನಡುವೆ ಮಸಿಯ ಒಂದು ಉಂಗುರ.

ಏನಾದರೂ ಹೇಳಲೇಬೇಕಾದವರು ಗವರ್ನರ್. ಅವರು ಫಲಕ ಓದಿದರು, ಪೀಠ ನೋಡಿದರು, ನಿಧಾನವಾಗಿ ಟೋಪಿ ತೆಗೆದರು.

"ಇದನ್ನೂ ದಾನ ಮಾಡಿಬಿಟ್ಟಿದ್ದಾರೆ," ಎಂದರು.

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಗವರ್ನರರ ಹೆಂಡತಿ ಕಣ್ಣೊರೆಸಿಕೊಂಡರು. ಲಲ್ಲಾ ನಜೀಹಾರ ಮುಖ ಕೆಂಪಗಾಗಿ, ಬಿಳಿಚಿ, ಮತ್ತೆ ತಿಳಿಯಾಯಿತು. ಇಂಥ ಅವಕಾಶ ಗುರುತಿಸುವುದರಲ್ಲಿ ಅವರಿಗೆ ನಲವತ್ತು ವರ್ಷದ ಅನುಭವವಿತ್ತು. ಎದೆಯ ಮೇಲೆ ಕೈಯಿಟ್ಟುಕೊಂಡರು.

"ಹೇಳ್ಬಾರ್ದು ಅಂತಿದ್ದೆ. ಓಣಿಯ ಬಡ ಹೆಂಗಸ್ರಿಗೆ ಕೊಟ್ಟೆ."

ಕ್ಯಾಮೆರಾಗಳು ಖಾಲಿ ಪೀಠದ ಫೋಟೋ ತೆಗೆದು ದಣಿದವು. ಜನ ಸಾಲುಗಟ್ಟಿ ಬಂದು ಮಸಿಯ ಉಂಗುರವನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಎಲ್ಲರೂ ಹೋದ ಮೇಲೆ ಲಲ್ಲಾ ನಜೀಹಾ ಶೆದ್ಲಿಯನ್ನು ಕರೆದರು. ಅವರು ನಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಕೂರಲು ಹೇಳಿದರು. ಪಾತ್ರೆ ಇರುವುದಕ್ಕಿಂತ ಇಲ್ಲದಿರುವುದೇ ಎಷ್ಟೋ ಲಕ್ಷಣವಾಗಿದೆ, ಇನ್ನು ಇದನ್ನು ಹೀಗೇ ಬಿಡುವುದು ಎಂದರು. ಶೆದ್ಲಿಗೆ ಧೈರ್ಯ ಬಂತು.

"ಹಾಗಾದ್ರೆ ಲಲ್ಲಾ, ಪಾಲಕನ ಕೆಲಸಕ್ಕೆ ನಾಳೆಯಿಂದಲೇ..."

"ಯಾವ ಪಾಲಕ, ಶೆದ್ಲಿ? ಏನನ್ನ ಕಾಯ್ತೀಯ? ಖಾಲಿ ಕಲ್ಲನ್ನ ಯಾರು ಕದೀತಾರೆ?"

ಅವರು ಕೈಚೀಲ ಎತ್ತಿಕೊಂಡು ಕಾರಿನ ಕಡೆ ಹೊರಟರು.

"ಹೋಗ್ತಾ ಬಾಗಿಲು ಎಳ್ಕೊ. ಬೀಗ ಏನೂ ಬೇಡ."